ಕಂಡಕ್ಟರ್ ಕಾಕಾನ ಕಂಪ್ಯೂಟರು

ಕಾಕಾ ತೀರಿಕೊಂಡ ದಿನ ಅವರ ಮನೆಯ ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಹಾರ ಹಿಡಿದವರು ಒಳಗೆ ಹೋಗಲಾರದೆ, ಒಳಗಿದ್ದವರು ಹೊರಗೆ ಬರಲಾರದೆ ಹೊಸ್ತಿಲಲ್ಲೇ ಸಿಕ್ಕಿಕೊಂಡಿದ್ದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ನಮ್ಮ ಅತ್ತೆ ಇದನ್ನು ನೋಡಿ ತಡೆಯಲಾರದೆ, "ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ, ನಡಕ ಜಾಗಾ ಖಾಲಿ ಐತಿ" ಎಂದುಬಿಟ್ಟರು. ಯಾರೋ ಮೂಗಿನಲ್ಲಿ ನಕ್ಕರು, ಅವರ ಹಿಂದೆ ಇನ್ನೊಬ್ಬರು, ಕೊನೆಗೆ ಇಡೀ ಪಡಸಾಲೆಯೇ ನಕ್ಕಿತು. ಮೂವತ್ತೆರಡು ವರ್ಷ ದಿನಕ್ಕೆ ನೂರು ಸಲ ಆ ಮಾತನ್ನು ಹೇಳಿದ ಮನುಷ್ಯ ಅಲ್ಲೇ ನಡುವೆ ಮಲಗಿದ್ದರು. ಸಾವಿನ ಮನೆಯಲ್ಲಿ ನಕ್ಕದ್ದಕ್ಕೆ ಯಾರೂ ಯಾರನ್ನೂ ಬೈಯಲಿಲ್ಲ. ಎಲ್ಲರೂ ಒಳಗೆ ಸರಿದರು, ಜಾಗ ನಿಜಕ್ಕೂ ಖಾಲಿ ಇತ್ತು.

ಕಾಕಾ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ಊರುಗಳ ನಡುವೆ ನಿಂತೇ ತಿರುಗಿದವರು. ಅಕ್ಕೋಳದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ನನ್ನ ಗಂಡ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದರಿಂದ ನಾನೂ ಹಾಗೇ ಅಂದೆ. ಅವರು ಮಾತ್ರ ಮೊದಲ ದಿನದಿಂದಲೂ ನನ್ನನ್ನು 'ಅಥಣಿ' ಎಂದೇ ಕರೆದರು. ಅವರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಯಾರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆ ಎನ್ನುವುದು ಮಾತ್ರ ನೆನಪಿರುತ್ತಿತ್ತು. ನಾನು ತವರೂರು ಅಥಣಿಯಿಂದ ಮದುವೆಯಾಗಿ ಬರುವ ದಿನ ನಮ್ಮ ಜೀಪು ದಾರಿಯಲ್ಲಿ ಕೈಕೊಟ್ಟು, ನಾವಿಬ್ಬರೂ ಬಾಸಿಂಗ ಕಟ್ಟಿಕೊಂಡೇ ಅವರ ಬಸ್ಸು ಹತ್ತಿದ್ದೆವು. ಪಕ್ಕದ ಮನೆಯ ಹುಡುಗ, ಮದುಮಗ ಬೇರೆ, ಹಾಗೇ ಬಿಡುತ್ತಾರೆ ಎಂದುಕೊಂಡಿದ್ದೆವು. ಕಾಕಾ ನಮ್ಮ ತಲೆಯ ಮೇಲೆ ಅಕ್ಷತೆ ಉಳಿದಿರುವುದನ್ನು ನೋಡಿ ಮುಗುಳ್ನಕ್ಕು, ಎರಡು ಟಿಕೆಟ್ ಹರಿದು ಕೈಗಿಟ್ಟರು. "ಮದಿವಿ ನಿಮ್ಮದು, ಬಸ್ ಸರಕಾರದ್ದು" ಎಂದರು.

ನಿವೃತ್ತಿಯಾದ ಮೇಲೂ ಅವರ ಮೈ ಬಸ್ಸಿನಿಂದ ಇಳಿದಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ಜೊಂಪು ಹತ್ತಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಕುರ್ಚಿ ನಾಲ್ಕಿದ್ದರೂ ಬಾಗಿಲ ಪಕ್ಕದ್ದರಲ್ಲೇ ಕೂಡುತ್ತಿದ್ದರು. ಮದುವೆ ಮನೆಯಲ್ಲಿ ಪಂಕ್ತಿಗಳ ನಡುವೆ ಅವರು ಹಾಯ್ದು ಹೋದರೆ ಒಬ್ಬರ ಎಲೆಗೂ ಕಾಲು ತಾಗುತ್ತಿರಲಿಲ್ಲ, ಹೋಗುತ್ತ ಹೋಗುತ್ತ ತಲೆ ಎಣಿಸಿ ಅಡುಗೆಯವರಿಗೆ ಲೆಕ್ಕವನ್ನೂ ಹೇಳುತ್ತಿದ್ದರು. ಕಾಕು ನಿಪ್ಪಾಣಿಯವರು. ಹಾಗಾಗಿ ಆ ಮನೆಯಲ್ಲಿ ಪಡಸಾಲೆಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ಮರಾಠಿ. ಕಾಕಾ ಮಾತಾಡುತ್ತ ಹೊಸ್ತಿಲು ದಾಟಿದರೆ ವಾಕ್ಯ ಅರ್ಧಕ್ಕೇ ಭಾಷೆ ಬದಲಿಸುತ್ತಿತ್ತು, ಅವರಿಗೆ ಗೊತ್ತೂ ಆಗುತ್ತಿರಲಿಲ್ಲ.

ಇಂಥವರು ಎರಡು ಸಾವಿರದ ಏಳನೆಯ ಇಸವಿಯೋ ಎಂಟೋ, ಒಂದು ದಿನ ಕೊಲ್ಲಾಪುರಕ್ಕೆ ಹೋಗಿ ಕಂಪ್ಯೂಟರ್ ತಂದರು. ತಂದದ್ದು ಬಸ್ಸಿನಲ್ಲೇ. ತಗಡಿನ ಸಿಪಿಯು ಡಬ್ಬಿಗೆ ಒಂದು ಫುಲ್ ಟಿಕೆಟ್, ಟಿವಿಯಂಥ ಮಾನಿಟರಿಗೆ ಒಂದು ಹಾಫ್ ಟಿಕೆಟ್ ತೆಗೆಸಿದ್ದರು. ಆ ಬಸ್ಸಿನ ಕಂಡಕ್ಟರ್ ಇವರ ಕೈಕೆಳಗೆ ಕೆಲಸ ಕಲಿತವನು. ಬೇಡ ಕಾಕಾ ಎಂದು ಕೈಮುಗಿದನಂತೆ. "ಸೀಟ್ ಹಿಡದೈತಿ, ಟಿಕೆಟ್ ಆಗಬೇಕು" ಎಂದು ಇವರೇ ಗದರಿಸಿ ತೆಗೆಸಿದರು. ಮನೆಗೆ ಬಂದವರಿಗೆಲ್ಲ ಕಂಪ್ಯೂಟರಿಗಿಂತ ಮೊದಲು ಆ ಟಿಕೆಟುಗಳನ್ನು ತೋರಿಸಿದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದರು. ಮದುವೆಗೆ ಮುಂಚೆ ನಾನು ಅಥಣಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಅದರ ಸರ್ಟಿಫಿಕೇಟಿಗೆ ನಮ್ಮಪ್ಪ ಕಟ್ಟು ಹಾಕಿಸಿ ಸಾಮಾನಿನ ಜೊತೆ ಕಳಿಸಿದ್ದರು, ಅತ್ತೆ ಅದನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದರು. ನಮ್ಮ ಓಣಿಯಲ್ಲಿ ಕಂಪ್ಯೂಟರ್ ಎಂಬ ವಸ್ತುವೇ ಇಲ್ಲದ್ದರಿಂದ ಇಷ್ಟು ವರ್ಷ ನನ್ನ ವಿದ್ಯೆ ಸುರಕ್ಷಿತವಾಗಿತ್ತು.

"ನೋಡವಾ ಅಥಣಿ" ಎಂದು ಕಾಕಾ ಶುರು ಮಾಡಿದರು. "ಸರಕಾರದ ಯಾದಿಯೊಳಗಿನ ಸ್ಟಾಪ್ ಬ್ಯಾರೆ, ನಾ ನಿಲ್ಲಸತಿದ್ದ ಸ್ಟಾಪ್ ಬ್ಯಾರೆ. ಈಗ ಹೊಸಾ ಹುಡುಗರು ಬಂದಾರ. ಒಬ್ಬಾಂವ ಬೀದರ ಕಡ್ಯಾಂವ, ಒಬ್ಬಾಂವ ಹಾಸನ ಕಡ್ಯಾಂವ. ಅವರಿಗೇನ ಗೊತ್ತು? ತಲಿ ಮ್ಯಾಲ ಗಂಟ ಹೊತ್ತ ಮುದುಕಿನ್ನ ದೊಡ್ಡ ಸ್ಟಾಪಿನ್ಯಾಗ ಇಳಿಸಿ ಹೋಗಿಬಿಡತಾರ. ಆಕಿ ಬಿಸಲಾಗ ಒಂದ ಮೈಲ ಹಿಂದಕ್ಕ ನಡೀಬೇಕು. ಅದಕ್ಕ ಎಲ್ಲಾ ಬರದು ಡಿಪೋಕ್ಕ ಕೊಡತೀನಿ."

"ಪಟ್ಟಿಯೊಳಗ ಬರದ ಕೊಡ್ರೆಲಾ ಕಾಕಾ" ಎಂದೆ. ನಮ್ಮ ಕಡೆ ಪಟ್ಟಿ ಎಂದರೆ ನೋಟುಬುಕ್ಕು. ಅವರು ಒಂದು ಪಟ್ಟಿ ತೆಗೆದು ತೋರಿಸಿದರು. ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತು ಬರೆದ ಕೈ ಅದು. ಈಗ ಮೇಜಿನ ಮುಂದೆ ಕೂತು ಬರೆದರೂ ಅಕ್ಷರಗಳು ತಗ್ಗು ದಿಣ್ಣೆ ಹತ್ತಿ ಇಳಿದು ಕುಣಿಯುತ್ತಿದ್ದವು. ಡಿಪೋದ ಸಾಹೇಬರು ಓದಲಾರದೆ ಕೈಮುಗಿದಿದ್ದರಂತೆ.

ಆಮೇಲೆ ದನಿ ತಗ್ಗಿಸಿದರು. ಕಾಕು ಅಡುಗೆಮನೆಯಲ್ಲಿದ್ದರು. "ಇನ್ನೊಂದ ಮಾತೈತಿ. ಡಾಕ್ಟರ್ ಹೇಳ್ಯಾನ. ಮರವು ಚಾಲೂ ಆಗೇತಿ, ಹೆಚ್ಚ ಆಗತೈತಿ ಹೊರತು ಕಡಿಮಿ ಆಗೂದಿಲ್ಲಂತ. ನನ್ನ ತಲಿಯೊಳಗಿಂದ ಒಬ್ಬೊಬ್ಬರ ಇಳ್ಯಾಕತ್ತಾರ. ಎಲ್ಲಾರೂ ಇಳಿಯೂದ್ರೊಳಗ ಬರದ ಮುಗಿಸಬೇಕು." ಇದನ್ನು ಅವರು ಬಸ್ಸು ಹತ್ತು ನಿಮಿಷ ತಡ ಎನ್ನುವ ಧಾಟಿಯಲ್ಲೇ ಹೇಳಿದರು. ನಾನು ಕೀಬೋರ್ಡಿನ ವೈರು ಚುಚ್ಚಿ ಕನ್ನಡ ಅಕ್ಷರ ಎಲ್ಲೆಲ್ಲಿವೆ ಎಂದು ತೋರಿಸತೊಡಗಿದೆ.

ನಾನೇ ಟೈಪ್ ಮಾಡುತ್ತೇನೆ, ನೀವು ಹೇಳುತ್ತ ಹೋಗಿ ಎಂದದ್ದಕ್ಕೆ ಒಪ್ಪಲಿಲ್ಲ. ಬಸ್ಸಿನ ಕಾಗದವನ್ನು ಕಂಡಕ್ಟರೇ ಬರೆಯಬೇಕು, ಪ್ಯಾಸೆಂಜರ್ ಮುಟ್ಟಬಾರದು. ಒಂದೇ ಬೆರಳಿನಿಂದ, ಟಿಕೆಟಿಗೆ ತೂತು ಹೊಡೆಯುವವರ ಹಾಗೆ ಒಂದೊಂದೇ ಅಕ್ಷರ ಕುಟ್ಟಿ ನಾಲ್ಕು ದಿನಕ್ಕೆ ಒಂದು ಪುಟ ಮಾಡಿದರು. ಪರದೆಯ ಮೇಲೆ ಅದನ್ನು ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. 'ಹುಣಸೀಗಿಡ. ಗಿಡ ಕಡಿದಿದ್ದಾರೆ, ಸ್ಟಾಪ್ ಇದೆ.' 'ಪೇರಲಹಣ್ಣಿನ ಮುದುಕಿ. ಮುದುಕಿ ಇಲ್ಲ, ಈಗ ಮಗಳು ಕೂಡುತ್ತಾಳೆ.' 'ಸಿಟ್ಟಿನ ಸಾಹುಕಾರನ ಬಾವಿ. ಹಾರ್ನ್ ಹಾಕಬಾರದು.' 'ನಾಯಿ ಸ್ಟಾಪ್. ಹೆಣ್ಣುಮಕ್ಕಳನ್ನು ಮೊದಲು ಇಳಿಸಬಾರದು.' 'ಮದುಮಗ ಇಳಿದು ಓಡಿಹೋದ ಜಾಗ. ವಿನಂತಿಯ ಮೇರೆಗೆ.'

ಐದನೆಯ ದಿನ ಮಧ್ಯಾಹ್ನ ಪರದೆ ಒಮ್ಮೆಗೇ ಕಪ್ಪಾಯಿತು. ಕಂಪ್ಯೂಟರ್ ಸತ್ತು, ಒಂದು ಉಸಿರು ಬಿಟ್ಟು, ಮೊದಲಿನಿಂದ ತಾನೇ ಶುರುವಾಯಿತು. ಹುಣಸೀಗಿಡದಿಂದ ಓಡಿಹೋದ ಮದುಮಗನ ತನಕ ಒಂದೂ ಉಳಿದಿರಲಿಲ್ಲ.

ಸೇವ್ ಮಾಡುವುದನ್ನು ನಾನು ಕಲಿಸಿದ್ದೆ. ಕಾಕಾ ಮಾಡಿರಲಿಲ್ಲ. ನಾಲ್ಕೂ ದಿನ ಸಂಜೆ ಕಂಪ್ಯೂಟರನ್ನು ಬಂದ್ ಮಾಡದೆ, ಬರೀ ಮಾನಿಟರಿನ ಮೇಲೆ ಬಟ್ಟೆ ಹೊದಿಸಿ ಮಲಗಿಸಿದ್ದರು. ಕೇಳಿದರೆ, "ಗಾಡಿ ಇನ್ನಾ ನಿಪ್ಪಾಣಿ ಮುಟ್ಟಿಲ್ಲವಾ. ನಡು ದಾರಿಯೊಳಗ ಟ್ರಿಪ್ ಮುಗಸಾಕ ಬರತೈತೇನ?" ಎಂದರು. ರೂಟು ಮುಗಿದು ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೇ ಸೇವ್ ಒತ್ತಬೇಕು ಎನ್ನುವುದು ಅವರ ನಿಯಮ. ನಾನು ಬೈದೆ, ತಲೆ ಅಲ್ಲಾಡಿಸಿದರು. ಮತ್ತೆ ಚಿಕ್ಕೋಡಿಯಿಂದ ಶುರು ಮಾಡಿದರು. ನಡುವಿನಿಂದ ಶುರು ಮಾಡಲು ಅವರಿಗೆ ಬರುತ್ತಿರಲಿಲ್ಲ. ಒಂದು ಸ್ಟಾಪ್ ಬಂದರೇ ಅದರ ಮುಂದಿನದು ನೆನಪಾಗುವುದು. ಮೂರನೆಯ ದಿನ ಕಂಪ್ಯೂಟರ್ ಮತ್ತೆ ಸತ್ತಿತು.

ಅಲ್ಲಿಂದ ನನ್ನ ಸರ್ಟಿಫಿಕೇಟಿನ ಕಷ್ಟಕಾಲ ಶುರುವಾಯಿತು. ನಾನು ಹೋಗಿ ಕೂತು ಒಂದು ತಾಸು ಏನೇನೋ ಟೈಪ್ ಮಾಡಿದರೆ ಅದು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ಕೆಲಸ ಮಾಡುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಕಾಕಾನಿಗೆ ಟೈಪ್ ಮಾಡಲು ಹೇಳಿದರೆ ಅವರು ಪರೀಕ್ಷೆಗೆ ಕೂತವರಂತೆ ಎರಡೂ ಕೈ ಮುಂದಿಟ್ಟುಕೊಂಡು ಸೆಟೆದು ಕೂಡುತ್ತಿದ್ದರು, ಆಗಲೂ ಏನೂ ಆಗುತ್ತಿರಲಿಲ್ಲ. ನಾನು ಮನೆಗೆ ಬಂದು ಅನ್ನಕ್ಕೆ ಇಟ್ಟರೆ ಗೋಡೆಯಾಚೆಯಿಂದ ಕೂಗು: "ಅಥಣೀ, ಮತ್ತ ಹೋತವಾ."

ವೈರಸ್ ಇರಬಹುದು ಎಂದೆ. ಕಾಕು ಅವತ್ತೇ ಕುಡಿಯುವ ನೀರಿನ ಕೊಡವನ್ನು ಪಡಸಾಲೆಯಿಂದ ಎತ್ತಿ ಒಳಗಿಟ್ಟರು. ಧೂಳು ಇರಬಹುದು ಎಂದೆ. ಪಕ್ಕದ ಕೋಣೆಯಲ್ಲಿ ಅವರ ತಂಬಾಕಿನ ಚೀಲಗಳಿದ್ದವು. ಡಬ್ಬಿಯ ಮುಚ್ಚಳ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಒಂದು ವರ್ಷ ಸಾಕಾಗುವಷ್ಟು ನಶ್ಯ ಹಾರಿತು. ಕಾಕಾ, ಕಾಕು, ನಾನು ಮೂವರೂ ಸಂಜೆಯ ತನಕ ಸೀನಿದೆವು. ಜಗಳವಾಗುತ್ತಿದೆ ಎಂದುಕೊಂಡು ಬಿಡಿಸಲು ಬಂದ ನಮ್ಮ ಅತ್ತೆಯೂ ನಾಲ್ಕು ಸಲ ಸೀನಿ, "ಸರ್ಟಿಫಿಕೇಟ್ ಗ್ವಾಡಿಗೈತಿ, ಕಂಪ್ಯೂಟರ್ ನೆಲಕ್ಕ ಬಿದ್ದೈತಿ" ಎಂದು ಹೇಳಿ ಹೋದರು. ಕಬ್ಬಿಗೆ ನೀರು ಬಿಡುವ ಹೊತ್ತಿಗೆ ಕರೆಂಟು ಏರಿಳಿಯುತ್ತದೆ ಎಂದು ಸ್ಟೆಬಿಲೈಜರ್ ಹಾಕಿಸಿದೆ. ಕಾಕು ಕಂಪ್ಯೂಟರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಎರಡರಿಂದಲೂ ಸಮನಾದ ಲಾಭವಾಯಿತು.

ಕೊನೆಗೆ ಕಾಕಾ ಅದಕ್ಕೆ ಮತ್ತೆ ಟಿಕೆಟ್ ತೆಗೆಸಿ ಕೊಲ್ಲಾಪುರದ ಅಂಗಡಿಗೇ ಒಯ್ದರು. ಅಂಗಡಿಯವನು ಎಂಟು ದಿನ ಇಟ್ಟುಕೊಂಡ. ಎಂಟೂ ದಿನ ಅದು ಹಗಲೆಲ್ಲ ಓಡಿತು, ಒಂದು ಸಲವೂ ನಿಲ್ಲಲಿಲ್ಲ. "ಘರಚಾ ಪ್ರಾಬ್ಲೆಮ್ ಆಹೆ" ಎಂದು ಹೇಳಿ ವಾಪಸು ಕಳಿಸಿದ. ಅಂದರೆ ತೊಂದರೆ ಮನೆಯದು. ಕಾಕಾ ಈ ಮಾತನ್ನು ಅಕ್ಷರಶಃ ತೆಗೆದುಕೊಂಡು, ಮೇಜನ್ನು ಪೂರ್ವಕ್ಕೆ ಒಂದು ವಾರ, ಉತ್ತರಕ್ಕೆ ಒಂದು ವಾರ ತಿರುಗಿಸಿ ಇಟ್ಟರು. ಈಶಾನ್ಯಕ್ಕೆ ಇಟ್ಟ ವಾರ ಬಾಗಿಲು ತೆರೆಯಲು ಬರುತ್ತಿರಲಿಲ್ಲ, ಎಲ್ಲರೂ ಹಿತ್ತಲಿನಿಂದ ಓಡಾಡಿದೆವು.

ಇಷ್ಟರ ನಡುವೆ ನನಗೆ ನಗು ನಿಂತದ್ದು ಒಂದು ದಿನ. ಕಾಕಾ ಐದನೆಯ ಸಲವೋ ಆರನೆಯ ಸಲವೋ ಚಿಕ್ಕೋಡಿಯಿಂದ ಶುರು ಮಾಡಿ ಅರ್ಧ ದಾರಿ ಬಂದಿದ್ದರು. ಓದಿ ನೋಡಿದೆ. ಸಾಹುಕಾರನ ಬಾವಿ ಆದ ಮೇಲೆ ನೇರವಾಗಿ ಮದುಮಗ ಬಂದಿದ್ದ.

"ಕಾಕಾ, ನಾಯಿ ಸ್ಟಾಪ್ ಎಲ್ಲೈತ್ರಿ?" ಎಂದೆ.

"ಯಾವ ನಾಯಿ?" ಎಂದರು. ತಮಾಷೆ ಮಾಡುತ್ತಿಲ್ಲ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವತ್ತು ನನಗೆ ನಿಜಕ್ಕೂ ಭಯವಾಯಿತು. ಪ್ರತಿ ಸಲ ಕಂಪ್ಯೂಟರ್ ಸತ್ತು ಇವರು ಮತ್ತೆ ಹೊರಟಾಗ ಒಂದೋ ಎರಡೋ ಸ್ಟಾಪು ಇಲ್ಲವಾಗುತ್ತಿದ್ದವು. ನಾನು ಓದಿ ನೆನಪಿದ್ದಷ್ಟನ್ನು ಮನೆಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡೆ. ಆದರೆ ನಾನು ಓದಿದ್ದು ಒಂದೇ ರೂಟಿನ ಅರ್ಧ. ಉಳಿದದ್ದೆಲ್ಲ ಅವರ ತಲೆಯಲ್ಲೇ ಇತ್ತು, ಒಂದಿಷ್ಟು ಆಗಲೇ ಹೋಗಿತ್ತು. ರಾಯಬಾಗದ ಕಡೆಯ ಯಾವುದೋ ಗಂಟಿನ ಮುದುಕಿ ನನ್ನ ಕಣ್ಣ ಮುಂದೆ ಬಿಸಿಲಲ್ಲಿ ಹಿಂದಕ್ಕೆ ನಡೆಯುತ್ತಿದ್ದಳು. ಆ ಕಂಪ್ಯೂಟರನ್ನು ಎತ್ತಿ ಬಾವಿಗೆ ಹಾಕಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು.

ಬೇಸಿಗೆಯಲ್ಲಿ ಕಾಕು ಶಾವಿಗೆ ಮಾಡಲು ಕರೆದರು. ಅವರ ಅಡುಗೆಮನೆಯಲ್ಲಿ ಕೂತು ಇಬ್ಬರೂ ಹಿಟ್ಟು ಹೊಸೆಯುತ್ತಿದ್ದೆವು. ಪಡಸಾಲೆಯಲ್ಲಿ ಕಾಕಾ ಒಬ್ಬರೇ ಟೈಪ್ ಮಾಡುತ್ತಿದ್ದರು, ನಾನು ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಟಕ್ ಟಕ್ ಎಂದು ಕೀಲಿಗಳ ಸದ್ದು. ನಡುವೆ ಒಮ್ಮೆ 'ಧಪ್' ಎಂದು ತಗಡಿನ ಮೇಲೆ ಏನೋ ಬಡಿದ ಸದ್ದಾಯಿತು. ಕಾಕು ಶಾವಿಗೆಯ ಎಳೆಯಿಂದ ಕಣ್ಣೆತ್ತದೆ ಹೇಳಿದರು: "ಬಂದ್ ಆತ ನೋಡ ಈಗ."

ಅವರ ಬಾಯಿ ಮುಚ್ಚುವುದರೊಳಗೆ ಪಡಸಾಲೆಯಿಂದ, "ಮತ್ತ ಹೋತಲೇ ಇದರವ್ವನ" ಎಂದು ಕೇಳಿಸಿತು.

"ಕಾಕು, ನಿಮಗ ಹೆಂಗ ಗೊತ್ತಾತ್ರಿ?"

"ಅವರು ಬಡದರಲ್ಲ" ಎಂದರು ಕಾಕು, ಇದೇನು ಕೇಳುವ ಮಾತೇ ಎನ್ನುವ ಹಾಗೆ. "ಒಂದ ಬಡತ ಅಂದ್ರ ನಿಂದರ್ಸು, ಎರಡ ಬಡತ ಅಂದ್ರ ಬಿಡು. ಬಸ್ಸಿನ್ಯಾಗೂ ಹಂಗ ಅಲ್ಲೇನ? ಗಂಟಿ ಇರಲಾರದ ಗಾಡ್ಯಾಗ ಅವರು ಹಿಂಗ ತಗಡ ಬಡೀತಿದ್ರು, ಡ್ರೈವರ್ ನಿಲ್ಲಸತಿದ್ದ. ಈಗ ಇದನ್ನ ಬಡೀತಾರ, ಇದೂ ನಿಂದರತೈತಿ."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ರಿ?"

"ಅದನ್ನ ಹಂಗ ಬಂದ್ ಮಾಡೂದಂತ ತಿಳದಿದ್ನಿ. ನನ್ನನ್ನ ಯಾರ ಕೇಳಿದ್ರಿ?"

ನಾನು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿದೆ. ಕಾಕಾ ಕಪ್ಪು ಪರದೆಯ ಮುಂದೆ ಕೂತಿದ್ದರು. ಬಲಗೈಯ ಒಂದು ಬೆರಳು ಕೀಬೋರ್ಡಿನ ಮೇಲೆ, ಎಡಗೈ ಅಂಗೈ ಬಿಚ್ಚಿಕೊಂಡು ಪಕ್ಕದ ಡಬ್ಬಿಯ ಮೇಲೆ. "ಕಾಕಾ, ನೀವು ಅದನ್ನ ಬಡೀತೀರೇನ್ರಿ?" ಎಂದೆ.

"ನಾ ಯಾಕ ಬಡೀಲಿ ಅದನ್ನ? ಹುಚ್ಚ ಅದೀನೇನ?" ಎಂದರು. ಎಡಗೈ ಇನ್ನೂ ಅಲ್ಲೇ ಇತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಅವರೂ ಕೆಳಗೆ ನೋಡಿದರು. ಆ ಜಾಗದಲ್ಲಿ ಡಬ್ಬಿಯ ಬಣ್ಣ ಮಾಸಿ, ಅಂಗೈಯಷ್ಟು ಅಗಲ ತಗಡು ಸಣ್ಣಗೆ ಒಳಗೆ ಹೋಗಿತ್ತು. ಸ್ಟಾಪಿನ ಹೆಸರು ನೆನಪಾದ ಕೂಡಲೆ ಅವರ ಎಡಗೈ ಬಸ್ಸು ನಿಲ್ಲಿಸುತ್ತಿತ್ತು, ಬರೆದು ಮುಗಿದ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ ಬಿಡುತ್ತಿತ್ತು. ಅವರಿಗೆ ಮಾತ್ರ ಈ ಸುದ್ದಿ ಗೊತ್ತಿರಲಿಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಸರಿಯಾಗಿ ಆ ಜಾಗದ ಹಿಂದೆಯೇ ಕರೆಂಟಿನ ವೈರಿನ ಬುಡ ಸಡಿಲವಾಗಿತ್ತು. ಪೆಟ್ಟು ಜೋರಾದರೆ ಅದು ಅಲ್ಲಾಡುತ್ತಿತ್ತು. ಅಂಗಡಿಯಲ್ಲಿ ಯಾರೂ ಬಡಿದಿರಲಿಲ್ಲ, ನಾನೂ ಬಡಿದಿರಲಿಲ್ಲ. ಕಾಕಾ ಬಹಳ ಹೊತ್ತು ತಮ್ಮ ಅಂಗೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು. ಅದಕ್ಕೆ ಮೆಮೋ ಕೊಡುವವರ ಹಾಗಿತ್ತು ಮುಖ.

ವೈರನ್ನು ಬಿಗಿಯಾಗಿ ಒತ್ತಿ ಕೂಡಿಸಿ, ಡಬ್ಬಿಯನ್ನು ಅವರ ಕೈಗೆ ಸಿಗದ ಹಾಗೆ ಮೇಜಿನ ಆಚೆ ತುದಿಗೆ ಸರಿಸಿದೆ. ಗೆದ್ದೆ ಎಂದುಕೊಂಡು ಮನೆಗೆ ಬಂದು ಅತ್ತೆಗೆ ಎರಡೆರಡು ಸಲ ಹೇಳಿದೆ.

ಮೂರು ದಿನ ಗೋಡೆಯಾಚೆಯಿಂದ ಯಾವ ಕೂಗೂ ಬರಲಿಲ್ಲ. ನಾಲ್ಕನೆಯ ದಿನ ಹೋಗಿ ನೋಡಿದೆ. ಪರದೆಯ ಮೇಲೆ ಒಂದೇ ಸಾಲಿತ್ತು. 'ಹುಣಸೀಗಿಡ. ಗಿಡ ಕಡಿದಿದ್ದಾರೆ.' ಅಷ್ಟೇ. ಕಾಕಾನ ಎಡಗೈ ಗಾಳಿಯಲ್ಲಿ ಒಂದು ಗೇಣು ಎತ್ತರ ಏಳುತ್ತಿತ್ತು, ಬಡಿಯಲು ಏನೂ ಸಿಗದೆ ತೊಡೆಯ ಮೇಲೆ ಬೀಳುತ್ತಿತ್ತು.

"ಗಾಡಿ ಹೊಂಡವಲ್ಲದವಾ" ಎಂದರು. "ಕೈ ಬಡೀಲಿಲ್ಲ ಅಂದ್ರ ಮುಂದಿಂದು ಬರವಲ್ಲದು." ಅವರ ದನಿ ಹಾಗೆ ಕುಗ್ಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬಡಿದರೆ ಕಂಪ್ಯೂಟರ್ ಸಾಯುತ್ತಿತ್ತು, ಬಡಿಯದಿದ್ದರೆ ನೆನಪು. ನನ್ನ ಆರು ತಿಂಗಳ ಕ್ಲಾಸಿನಲ್ಲಿ ಇಂಥದ್ದಕ್ಕೆ ಪಾಠವಿರಲಿಲ್ಲ. ಮೇಜನ್ನು ಬಡಿಯಿರಿ ಎಂದೆ. ಬಡಿದರು, ಕಟ್ಟಿಗೆಯ ಸದ್ದಿನಿಂದ ಉಪಯೋಗವಿಲ್ಲ ಎಂದರು. ಗೋಡೆ ಬಡಿದರು. ಎಣ್ಣೆಯ ಡಬ್ಬಿ ತಂದುಕೊಟ್ಟೆ. ಅದು ಬಡಿದ ಕೂಡಲೆ ಹಾರಿ ಬಾಗಿಲಾಚೆ ಬಿದ್ದು, ಬೆಕ್ಕು ಮೂರು ದಿನ ಮನೆ ಕಡೆ ಸುಳಿಯಲಿಲ್ಲ.

ಆಗ ಕಾಕು ಒಳಗಿನಿಂದ ತಮ್ಮ ಕಬ್ಬಿಣದ ಟ್ರಂಕನ್ನು ದರದರ ಎಳೆದುಕೊಂಡು ಬಂದರು. ಅವರ ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಟ್ರಂಕು, ಮೇಲೆ ಹಸಿರು ಬಣ್ಣ, ಎರಡು ಗಿಳಿಗಳ ಚಿತ್ರ. ಅದನ್ನು ಕಾಕಾನ ಎಡಕ್ಕೆ ನಿಲ್ಲಿಸಿ, "ಇದನ್ನ ಬಡೀರಿ. ನಮ್ಮಪ್ಪ ಗಟ್ಟಿಮುಟ್ಟ ನೋಡೇ ಕೊಟ್ಟಾನ" ಎಂದರು.

ಕಾಕಾ ಕಣ್ಣು ಮುಚ್ಚಿ ಒಂದು ಬಡಿದರು. ಪಡಸಾಲೆಯೇ ಗುಡುಗಿತು. "ಪೇರಲಹಣ್ಣಿನ ಮುದುಕಿ" ಎಂದರು. ಬರೆದು, ಎರಡು ತಟ್ಟಿದರು. ಮತ್ತೆ ಒಂದು ಬಡಿದರು. "ಸಾಹುಕಾರನ ಬಾವಿ." ಎರಡು ತಟ್ಟಿದರು. ಮತ್ತೆ ಒಂದು. ಕೈ ಟ್ರಂಕಿನ ಮೇಲೇ ನಿಂತಿತು. "ಇಲ್ಲೊಂದು ನಾಯಿ ಇತ್ತಲ್ಲವಾ" ಎಂದರು ಕಾಕಾ, ಕಣ್ಣು ತೆರೆದು. "ಬಾಲಾ ಅರ್ಧಾ ಇತ್ತು ಅದಕ್ಕ." ನನಗೆ ಅಳು ಬಂತು. ಅರ್ಧ ಬಾಲದ ನಾಯಿಗಾಗಿ ಅತ್ತದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಉಳಿದದ್ದು ಸೇವ್ ಮಾಡುವ ಪ್ರಶ್ನೆ. ಅದನ್ನೂ ಬಗೆಹರಿಸಿದ್ದು ಕಾಕು. ನಡು ದಾರಿಯಲ್ಲಿ ಕಂಡಕ್ಟರ್ ಟ್ರಿಪ್ ಮುಗಿಸಬಾರದು, ಸರಿ. ಆದರೆ ಚೆಕಿಂಗ್‌ನವರು ನಡು ದಾರಿಯಲ್ಲೇ ಹತ್ತಿ, ಕಾಗದ ನೋಡಿ, ಸಹಿ ಹಾಕಿ ಇಳಿಯುತ್ತಾರಲ್ಲ. "ನಾ ಚೆಕಿಂಗ್" ಎಂದರು ಕಾಕು. ಕಾಕಾನಿಗೆ ಇದರಲ್ಲಿ ಒಂದೂ ತಪ್ಪು ಸಿಗಲಿಲ್ಲ. ಸೇವ್ ಮಾಡುವ ಎರಡು ಕೀಲಿ ಯಾವುವು ಎಂದು ನಾನು ತೋರಿಸಿದೆ, ಕಾಕು ಅವೆರಡಕ್ಕೂ ಕುಂಕುಮ ಹಚ್ಚಿ ಗುರುತು ಮಾಡಿಕೊಂಡರು. ಅಂದಿನಿಂದ ಪಲ್ಯಕ್ಕೆ ಒಗ್ಗರಣೆ ಹಾಕಿದಾಗೊಮ್ಮೆ, ಹಾಲು ಕಾದಾಗೊಮ್ಮೆ ಪಡಸಾಲೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು "ಚೆಕಿಂಗ್" ಎನ್ನುತ್ತಿದ್ದರು. ಕಾಕಾ ತಕ್ಷಣ ಎದ್ದು ನಿಂತು ಜಾಗ ಬಿಡುತ್ತಿದ್ದರು. ಕಾಕು ಕುಂಕುಮದ ಮೇಲೆ ಎರಡು ಬೆರಳು ಊರಿ, ಪರದೆಯನ್ನು ಸಂಶಯದಿಂದ ನೋಡಿ, ಒಳಗೆ ಹೋಗುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷಗಳಾದ ಮೇಲೆ ಕಾಕಾ ಹೆಂಡತಿಗೆ ಎದ್ದು ನಿಲ್ಲುವುದನ್ನು ನೋಡಲು ನಮ್ಮ ಅತ್ತೆ ನೆಪ ಮಾಡಿಕೊಂಡು ದಿನಾ ಬರುತ್ತಿದ್ದರು.

ಮೂರು ತಿಂಗಳು ಆ ಓಣಿಯಲ್ಲಿ ಮಧ್ಯಾಹ್ನ ಯಾರಿಗೂ ನಿದ್ದೆಯಿಲ್ಲ. ಟ್ರಂಕಿನ ಒಂದು ಗಿಳಿಯ ಹೊಟ್ಟೆ ಪೂರ್ತಿ ಒಳಗೆ ಹೋಯಿತು. ಚಿಕ್ಕೋಡಿ ನಿಪ್ಪಾಣಿ ಮುಗಿಯಿತು, ರಾಯಬಾಗ ಮುಗಿಯಿತು, ಅಥಣಿ ಕಾಗವಾಡ ಮುಗಿಯಿತು. ಕೆಲವು ಸ್ಟಾಪುಗಳು ಬಂದೇ ಇರಲಿಕ್ಕಿಲ್ಲ, ಅವು ಎಷ್ಟು ಎನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆದರೂ ಮುನ್ನೂರಕ್ಕೆ ಹತ್ತಿರ ಆದವು. ನಿಪ್ಪಾಣಿಯಲ್ಲಿ ಮುದ್ರಿಸಿ, ಹೊಲಿಸಿ, ಒಂದು ಪ್ರತಿ ಡಿಪೋಕ್ಕೆ, ಒಂದು ಮನೆಗೆ, ಒಂದು ನನಗೆ. ಡಿಪೋದಲ್ಲಿ ಅದನ್ನು ಯಾರಾದರೂ ಓದಿದರೋ ಇಲ್ಲವೋ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಮುಂದಿನ ವರ್ಷ ನಮ್ಮ ಅತ್ತೆ ತಂಗಿಯ ಊರಿನಿಂದ ಬಂದವರೇ ಗಂಟು ಇಳಿಸಿ, "ಹಾಸನ ಕಡ್ಯಾಂವ ಇದ್ನವಾ ಕಂಡಕ್ಟರ್. ನಾ ಕೇಳೇ ಇಲ್ಲ, ಬೇವಿನಗಿಡದ ಹತ್ರ ತಾನ ನಿಲ್ಲಿಸಿದ" ಎಂದರು. ಅವತ್ತು ಸಂಜೆ ನನ್ನ ಸರ್ಟಿಫಿಕೇಟಿನ ಮಸಿ ಒರೆಸಿ ಅದನ್ನು ಪಡಸಾಲೆಗೆ ತಂದು ಹಾಕಿದರು.

ಆಮೇಲೆ ಡಾಕ್ಟರ್ ಹೇಳಿದ ಹಾಗೇ ಆಯಿತು. ಮೊದಲು ನಾನು ಅವರ ತಲೆಯಿಂದ ಇಳಿದೆ, ಆಮೇಲೆ ನನ್ನ ಗಂಡ. ರಾಯಬಾಗಕ್ಕೆ ಕೊಟ್ಟ ಅವರ ಮಗಳು ವಾರಕ್ಕೊಮ್ಮೆ ಬರುತ್ತಿದ್ದಳು, ಅವಳಿಗೆ ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಿದ್ದರು. ಕೊನೆಗೆ ಕಾಕು. ಅವರನ್ನು ಕಾಕಾ ಯಾರೋ ಊರಿನ ಹೆಣ್ಣುಮಗಳು ಎಂದುಕೊಂಡು ಬಹಳ ಮರ್ಯಾದೆಯಿಂದ 'ರಿ' ಹಚ್ಚಿ ಮಾತಾಡಿಸುತ್ತಿದ್ದರು. ಕಾಕು ಅದಕ್ಕೆ ಅತ್ತದ್ದನ್ನು ನಾನು ನೋಡಲಿಲ್ಲ. "ಈಗರ ಮರ್ಯಾದಿ ಕೊಡಾಕ ಕಲತಾರ" ಎಂದು ನಕ್ಕದ್ದನ್ನು ನೋಡಿದ್ದೇನೆ.

ಒಂದು ಮಧ್ಯಾಹ್ನ ನಾನು ಹೋದಾಗ ಕಾಕಾ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಆ ಹೊಲಿದ ಹಾಳೆಗಳನ್ನು ಇಟ್ಟುಕೊಂಡು ಓದುತ್ತಿದ್ದರು. ಕಾಕು ಕೆಳಗೆ ಕೂತು ಅವರಿಗಾಗಿ ದಾಳಿಂಬೆ ಬಿಡಿಸುತ್ತಿದ್ದರು. ಕಾಕಾ ಬೆರಳಿಟ್ಟು ಒಂದೊಂದೇ ಸಾಲು ಓದಿ, ಪುಟ ತಿರುವಿ, ಕೊನೆಯ ಪುಟದ ತನಕ ಹೋದರು. ಆಮೇಲೆ ಕಾಕುವಿನ ಕಡೆ ತಿರುಗಿದರು.

"ಇದನ್ನ ಯಾರ ಬರದಾರ್ರಿ?"

"ನಮ್ಮ ಮನಿಯವರು ಬರದಾರ್ರಿ" ಎಂದರು ಕಾಕು.

"ಕಂಡಕ್ಟರ್ ಅದಾರೇನ್ರಿ ಅವರು?"

"ಹೌದ್ರಿ."

"ಬರೊಬ್ಬರಿ ಬರದಾರ. ಇಷ್ಟ ಎಲ್ಲಾ ಗೊತ್ತಿರಬೇಕಂದ್ರ ಛಲೋ ಮನಿಷ್ಯಾ ಇರಬೇಕು." ಹಾಳೆಗಳನ್ನು ಜೋಡಿಸಿ ಮಡಚಿ, ಸುತ್ತಲೂ ನೋಡಿದರು. "ಎಲ್ಲದಾರ್ರಿ ಈಗ?"

ಕಾಕು ಒಂದು ಹಿಡಿ ಕಾಳನ್ನು ಅವರ ಅಂಗೈಗೆ ಹಾಕಿದರು.

"ಡ್ಯೂಟಿ ಮ್ಯಾಲ ಹೋಗ್ಯಾರ್ರಿ" ಎಂದರು.